ಇಸ್ತ್ರಿ ಅಕ್ಕ ಬಾಯಿ ಮುಚ್ಚಿಕೊಂಡ ವಾರ

ಮೂವತ್ತು ಜನ ರೌಡಿಗಳನ್ನು ಒಬ್ಬನೇ ಹೊಡೆದು ಕೆಡವಿ, ಕೆಸರಿನಲ್ಲಿ ಹೊರಳಾಡಿ ಎದ್ದುಬಂದ ಹೀರೋನ ಬಿಳಿ ಅಂಗಿಯ ತೋಳಿನಲ್ಲಿ ಇಸ್ತ್ರಿಯ ಗೆರೆ ಇನ್ನೂ ನೆಟ್ಟಗೆ ನಿಂತಿದ್ದರೆ, ಬೇರೆಯವರು ಶಿಳ್ಳೆ ಹೊಡೆಯುತ್ತಾರೆ. ಇಸ್ತ್ರಿ ಅಕ್ಕನಿಗೆ ಮೈ ಉರಿಯುತ್ತದೆ. ಒಂದು ತೋಳಿನ ಗೆರೆ ಕೂರಿಸಲು ಎಷ್ಟು ಸಲ ನೀರು ಚಿಮುಕಿಸಬೇಕು, ಎಷ್ಟು ಸಲ ಪೆಟ್ಟಿಗೆ ಒತ್ತಬೇಕು, ಬಸ್ಸಿನಲ್ಲಿ ಅರ್ಧ ಗಂಟೆ ಕೂತರೆ ಅದು ಹೇಗೆ ಹೇಳಹೆಸರಿಲ್ಲದಂತೆ ಹೋಗುತ್ತದೆ ಎನ್ನುವುದು ಅವಳಿಗೆ ಗೊತ್ತು. ಇಷ್ಟು ಸಣ್ಣ ವಿಷಯದಲ್ಲಿ ಸುಳ್ಳು ಹೇಳುವವನು ದೊಡ್ಡ ವಿಷಯದಲ್ಲಿ ನಿಜ ಹೇಳುತ್ತಾನೆಯೇ ಎನ್ನುವುದು ಅವಳ ವಾದ.

ನಾಲ್ಕು ಮಹಡಿಯ ಹಳೆಯ ಕಟ್ಟಡವೊಂದರ ಮೆಟ್ಟಿಲಿನ ಕೆಳಗೆ ಅವಳ ಅಂಗಡಿ. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ತಾಗುವಷ್ಟು ಜಾಗ. ಒಂದು ಮೇಜು, ಅದರ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಸುಟ್ಟ ಕಲೆಗಳ ಹಳೆ ಬಟ್ಟೆ, ಗೋಡೆಯ ಉದ್ದಕ್ಕೂ ಗಂಟುಗಳು. ಸುತ್ತಲಿನ ಐದು ಕಟ್ಟಡಗಳ ಬಟ್ಟೆ ಬೀಳುವುದು ಅಲ್ಲಿಗೇ. ಪ್ರತಿ ಗಂಟಿಗೂ ಮನೆಯ ನಂಬರು ಬರೆದ ಒಂದು ಚೀಟಿ, ಅದಕ್ಕೊಂದು ಪಿನ್ನು. ಹನ್ನೆರಡು ವರ್ಷದ ಹಿಂದೆ ಒಂದು ಶನಿವಾರ ಎದುರು ಕಟ್ಟಡದ ಗಣಿತದ ಮೇಷ್ಟ್ರು ಬಂದು, ಹೊಸ ಪಿಕ್ಚರ್ ಹೇಗಿದೆ ಎಂದು ಕೇಳಿದ್ದರು. ಕೈಯಲ್ಲಿ ಕಾದ ಪೆಟ್ಟಿಗೆ, ಮುಂದೆ ರೇಷ್ಮೆ ಬಟ್ಟೆ. ಮಾತಾಡುತ್ತ ನಿಂತರೆ ಬಟ್ಟೆ ಸುಟ್ಟೀತು. ಆಮೇಲೆ ಹೇಳುತ್ತೇನೆ ಎಂದವಳು, ಸಂಜೆ ಅವರ ಗಂಟಿನ ಚೀಟಿಯ ಹಿಂದೆ ಒಂದು ಸಾಲು ಗೀಚಿ ಕಳಿಸಿದಳು. ಮೇಷ್ಟ್ರು ಅದನ್ನು ಪಕ್ಕದ ಮನೆಗೆ ತೋರಿಸಿದರು, ಪಕ್ಕದ ಮನೆಯವರು ನಮ್ಮ ಚೀಟಿಯಲ್ಲೇಕೆ ಇಲ್ಲ ಎಂದು ಜಗಳಕ್ಕೆ ಬಂದರು. ಅಲ್ಲಿಂದ ಶುರುವಾಯಿತು.

ಶುಕ್ರವಾರ ಬೆಳಗಿನ ಆಟಕ್ಕೆ ಅಂಗಡಿ ಬಾಗಿಲು ಹಾಕಿ ಹೋಗುವುದು, ಶನಿವಾರ ಎಲ್ಲ ಚೀಟಿಗಳ ಹಿಂದೆ ಬರೆಯುವುದು. ಒಂದೇ ಮಾತನ್ನು ಇನ್ನೂರು ಸಲ ಬರೆಯಬೇಕಾದ್ದರಿಂದ ಉದ್ದ ಬರೆಯುವಂತಿಲ್ಲ. ಹಾಗಾಗಿ ಅವಳ ಮಾತು ಗಂಜಿ ಹಾಕಿದ ಬಟ್ಟೆಯ ಹಾಗೆ ಗಡುಸು. ‘ಎರಡೂವರೆ ಗಂಟೆ. ಕಥೆ ಹತ್ತು ನಿಮಿಷ. ಉಳಿದದ್ದು ಹೀರೋ ನಡೆಯುವುದು.’ ‘ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿ.’ ‘ತಾಯಿ ಸತ್ತಳು, ತಂಗಿ ಸತ್ತಳು, ಕೊನೆಗೆ ನನ್ನ ತಾಳ್ಮೆಯೂ ಸತ್ತಿತು.’ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಮಿಕ್ಕದ್ದನ್ನು ಎರಡನೇ ಭಾಗದಲ್ಲಿ ನೋಡಿ ಎಂದ ಒಂದು ಚಿತ್ರಕ್ಕೆ ಅವಳು ಬರೆದದ್ದನ್ನು ಕಟ್ಟಡದವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ: ‘ಪ್ಯಾಂಟಿನ ಒಂದು ಕಾಲಿಗೆ ಇಸ್ತ್ರಿ ಹಾಕಿ ಪೂರ್ತಿ ದುಡ್ಡು ಕೇಳಿದರೆ ಕೊಡುತ್ತೀರಾ?’

ಅವಳಿಗೆ ಸಿನಿಮಾ ಮೇಲೆ ದ್ವೇಷ ಎಂದು ತಿಳಿದವರು ಪೆದ್ದರು. ದ್ವೇಷ ಇದ್ದಿದ್ದರೆ ಯಾವತ್ತೋ ಬಿಟ್ಟಿರುತ್ತಿದ್ದಳು. ಪ್ರತಿ ಶುಕ್ರವಾರ ತಲೆ ಬಾಚಿ, ಒಗೆದ ಬಟ್ಟೆ ಉಟ್ಟು, ಈ ಸಲವಾದರೂ ಎಂದುಕೊಂಡೇ ಹೋಗುತ್ತಿದ್ದಳು. ದೀಪ ಆರುವ ಆ ಒಂದು ಗಳಿಗೆಯಲ್ಲಿ ಅವಳ ಎದೆ ಇವತ್ತಿಗೂ ಹೊಡೆದುಕೊಳ್ಳುತ್ತದೆ. ಆಮೇಲೆ ಕಿವಿ ತೂತಾಗುವ ಸದ್ದು, ಹೊಗೆ, ಕೊಡಲಿ, ಹೀರೋನ ಬೂಟು, ಮತ್ತೆ ಹೀರೋನ ಬೂಟು. ಹೊರಗೆ ಬರುವಾಗ ತಲೆ ಚಿಟ್ಟು ಹಿಡಿದಿರುತ್ತಿತ್ತು. ಈಚಿನ ಒಂದು ವರ್ಷದಲ್ಲಂತೂ ಅವಳು ಒಳ್ಳೆಯದೆಂದು ಬರೆದ ಚಿತ್ರ ಒಂದೂ ಇರಲಿಲ್ಲ. ಆಸೆಪಟ್ಟು ಹೋಗಿ ಪೆಟ್ಟು ತಿಂದು ಬರುವುದು ಎಷ್ಟು ದಿನ? ಆ ಸಿಟ್ಟೆಲ್ಲ ಚೀಟಿಗೆ ಇಳಿಯುತ್ತಿತ್ತು.

ಈ ಕಥೆಯಲ್ಲಿ ಒಂದು ತೊಡಕಿದೆ. ಅವಳು ಬೈಯುತ್ತಿದ್ದ ಚಿತ್ರಗಳೆಲ್ಲ ಓಡಬೇಕಾಗಿದ್ದದ್ದು ಬೀದಿಯ ಕೊನೆಯ ಹಳೆ ಟಾಕೀಸಿನಲ್ಲಿ, ಆ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವವನು ಅವಳ ಗಂಡ. ಇಪ್ಪತ್ತಾರು ವರ್ಷದಿಂದ ಅವನು ಅದೇ ಬಾಗಿಲಲ್ಲಿ ನಿಂತಿದ್ದ. ಎಲ್ಲರೂ ಅವನನ್ನು ಗೇಟಣ್ಣ ಎನ್ನುತ್ತಾರೆ. ಹೆಂಡತಿಗೆ ಪುಕ್ಕಟೆ ಸೀಟು ಕೊಡಿಸಲು ಮೊದಮೊದಲು ಅವನು ಹೇಳಿ ನೋಡಿದ್ದ. ಪುಕ್ಕಟೆ ನೋಡಿದವರಿಗೆ ಬೈಯುವ ಹಕ್ಕಿಲ್ಲ ಎಂದು ಅವಳು ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡಳು. ಅವನು ಅದನ್ನು ಎಲ್ಲರದ್ದರಂತೆಯೇ ಹರಿದು ಅರ್ಧ ಅವಳ ಕೈಗೆ ಕೊಟ್ಟ. ಅಂದಿನಿಂದ ಅದೇ ರೂಢಿ. ತಮಾಷೆಯೆಂದರೆ, ಗೇಟಣ್ಣ ಒಂದೇ ಒಂದು ಚಿತ್ರವನ್ನೂ ಕೂತು ನೋಡಿದವನಲ್ಲ. ತಡವಾಗಿ ಬಂದವರಿಗೆ ಟಾರ್ಚು ಹಿಡಿದು ಸೀಟು ತೋರಿಸುವಾಗ ಕಂಡಷ್ಟೇ. ಚಿತ್ರ ಹೇಗಿದೆಯೆಂದು ತಿಳಿಯಲು ಅವನೂ ಹೊರಗೆ ಬರುವ ಹೆಂಡತಿಯನ್ನೇ ಕೇಳುತ್ತಿದ್ದ.

ಕಳೆದ ವರ್ಷದಿಂದ ಟಾಕೀಸಿನಲ್ಲಿ ಜನಕ್ಕಿಂತ ಕುರ್ಚಿ ಜಾಸ್ತಿ ಕಾಣತೊಡಗಿತು. ಪೀಠೋಪಕರಣದ ವ್ಯಾಪಾರಿಯೊಬ್ಬ ಎರಡು ಸಲ ಬಂದು ಗೋಡೆ ಬಡಿದು ನೋಡಿ ಹೋದ. ಒಂದು ಗುರುವಾರ ಟಾಕೀಸಿನ ಯಜಮಾನರು ಗೇಟಣ್ಣನನ್ನು ಒಳಗೆ ಕರೆದು, ನಾಳೆ ಬರುವ ಚಿತ್ರವೂ ಒಂದು ವಾರ ಜನ ತರದಿದ್ದರೆ ಬಾಗಿಲು ಹಾಕುವುದೇ ಎಂದರು. ಎದ್ದು ಹೊರಟವನನ್ನು ತಡೆದು, ಮುಖ ನೋಡದೆ, ಚೀಟಿಗಳ ವಿಷಯ ತಮಗೂ ಗೊತ್ತು, ಮನೆಯವರಿಗೆ ಸ್ವಲ್ಪ ಹೇಳಿ ಎಂದೂ ಸೇರಿಸಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ತಟ್ಟೆ ನೋಡುತ್ತಲೇ ಎಲ್ಲವನ್ನೂ ಹೇಳಿದ. ಅವಳಿಗೆ ಮೊದಲು ಬಂದದ್ದು ಸಿಟ್ಟು. ಕೆಟ್ಟ ಪಿಕ್ಚರ್ ತಂದವರು ಅವರು, ಬಾಯಿ ಮುಚ್ಚಿಕೊಳ್ಳಬೇಕಾದವಳು ನಾನೋ? ಸುಳ್ಳು ಬರೆಯುವುದು ನನ್ನಿಂದ ಆಗದು ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು.

“ಸುಳ್ಳು ಬರಿ ಅಂತ ನಾನ್ಯಾವಾಗ ಹೇಳ್ದೆ? ನಿನ್ನ ನಾನು ಕಾಣೆನಾ,” ಎಂದ ಗಂಡ. “ಒಂದೇ ಒಂದು ವಾರ ಏನೂ ಬರೀಬೇಡ. ಸುಮ್ನಿದ್ಬಿಡು. ಮಿಕ್ಕಿದ್ದು ಪಿಕ್ಚರ್ ಹಣೆಬರಹ.”

ಐವತ್ತೆಂಟು ವರ್ಷದ ಗಂಡ, ಮಂಡಿ ನೋವಿದ್ದರೂ ದಿನಕ್ಕೆ ನಾಲ್ಕು ಆಟ ನಿಂತುಕೊಂಡೇ ಕಳೆಯುವವನು, ಬೇರೆ ಯಾವ ಕೆಲಸವೂ ಬಾರದವನು, ಬೇಡಿಕೊಳ್ಳುವ ದನಿಯಲ್ಲಿ ಹಾಗೆ ಹೇಳಿದಾಗ ಅವಳಿಗೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಸರಿ ಎಂದಳು. ಆದರೆ ಹನ್ನೆರಡು ವರ್ಷದಲ್ಲಿ ಅವಳಿಗೆ ಬರೆಯಬೇಡ ಎಂದು ಹೇಳಿದವರು ಯಾರೂ ಇರಲಿಲ್ಲ. ಹೇಳಿದವನು ಗಂಡನೇ ಆದನಲ್ಲ ಎಂದು ಒಳಗೊಳಗೇ ಕುದಿದಳು.

ಶುಕ್ರವಾರದ ಚಿತ್ರದ ಪೋಸ್ಟರಿನಲ್ಲಿ ಹೀರೋ ಇಲ್ಲ, ಕೊಡಲಿ ಇಲ್ಲ. ಒಂದು ಮಂಚ, ಅದರ ಮೇಲೆ ಮುದುಡಿ ಬಿದ್ದ ಬೆಡ್‌ಶೀಟು, ಅಷ್ಟೇ. ಇದ್ಯಾವ ಕರ್ಮವೋ ಎಂದುಕೊಂಡು ಅವಳು ಹಿಂದಿನ ಸಾಲಿನ ತುದಿಯ ಕುರ್ಚಿಯಲ್ಲಿ ಕೂತಳು.

ಅರ್ಧ ಗಂಟೆಯಾದರೂ ಯಾರೂ ಕಿರುಚಲಿಲ್ಲ. ಬೂಟು ಬರಲಿಲ್ಲ. ಅತ್ತೆ ಸೊಸೆ ಒಂದು ಸಣ್ಣ ಮನೆಯಲ್ಲಿದ್ದರು. ಸಾಯುವ ಮುನ್ನ ಮಗ ಅಮ್ಮನಿಗೆ ಹೇಳಿದ್ದ ಒಂದು ಮಾತು ಸೊಸೆಗೆ ತಿಳಿಯಬಾರದಿತ್ತು, ತಿಳಿಯಿತು. ಇಬ್ಬರೂ ಮಾತು ಬಿಟ್ಟರು. ಹೀಗಿರುವಾಗ ಒಂದು ಮಧ್ಯಾಹ್ನ ಮಾಳಿಗೆಯಲ್ಲಿ ಒಣಗಿದ ದೊಡ್ಡ ಬೆಡ್‌ಶೀಟನ್ನು ಮಡಿಸಬೇಕು. ಒಬ್ಬರಿಂದ ಆಗದ ಕೆಲಸ. ಅತ್ತೆ ಎರಡು ಮೂಲೆ ಹಿಡಿದಳು, ಸೊಸೆ ಎರಡು ಮೂಲೆ. ಜಾಡಿಸಿದರು, ಎಳೆದರು. ಒಂದು ಮಡಿಕೆಗೆ ಒಬ್ಬರತ್ತ ಒಬ್ಬರು ನಾಲ್ಕು ಹೆಜ್ಜೆ ಬರಬೇಕು, ಬೆರಳಿಗೆ ಬೆರಳು ತಾಗಬೇಕು, ಮತ್ತೆ ಹಿಂದೆ ಸರಿಯಬೇಕು. ಎರಡನೇ ಮಡಿಕೆಗೆ ಎರಡು ಹೆಜ್ಜೆ. ಮೂರನೆಯದಕ್ಕೆ ಹಿಂದೆ ಸರಿಯಲು ಜಾಗವೇ ಇಲ್ಲ. ಇಬ್ಬರೂ ಒಂದು ಮಾತೂ ಆಡಲಿಲ್ಲ. ಹಿನ್ನೆಲೆಯಲ್ಲಿ ಪಿಟೀಲೂ ಅಳಲಿಲ್ಲ. ಇಸ್ತ್ರಿ ಅಕ್ಕ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು.

ಅವಳ ಅತ್ತೆಯೊಂದಿಗೆ ಅವಳೂ ಹೀಗೆಯೇ ಎಷ್ಟು ಬೆಡ್‌ಶೀಟು ಮಡಿಸಿದ್ದಾಳೋ. ಈ ಚಿತ್ರ ಮಾಡಿದವನು ಯಾರೋ, ಅವನಿಗೆ ಬಟ್ಟೆ ಮಡಿಸುವುದು ಏನೆಂದು ಗೊತ್ತಿದೆ ಎಂದು ಅವಳಿಗೆ ಅನ್ನಿಸಿತು. ಚೀಟಿಯ ಸಾಲು ತಾನಾಗಿ ತಲೆಯೊಳಗೆ ಬಂದು ಕೂತಿತು: ‘ಹೋಗಿ. ಮಾತು ಬಿಟ್ಟವರನ್ನೂ ಕರೆದುಕೊಂಡು ಹೋಗಿ.’ ಮರುಕ್ಷಣ ಕೊಟ್ಟ ಮಾತು ನೆನಪಾಯಿತು.

ಹೊರಗೆ ಬಂದಾಗ ಗಂಡ ಬಾಗಿಲಲ್ಲಿದ್ದ. ಎಂದಿನಂತೆ ಹೇಗಿತ್ತು ಎಂದು ಕೇಳಬೇಕಾದವನು ಅವಳ ಕೆಂಪು ಕಣ್ಣು ಕಂಡವನೇ ಮುಖ ತಿರುಗಿಸಿ ಹರಿದ ಟಿಕೆಟುಗಳನ್ನು ಡಬ್ಬಿಗೆ ತುಂಬತೊಡಗಿದ. ಚಿತ್ರ ಚೆನ್ನಾಗಿದೆ ಎನ್ನುವ ಮಾತು ಅವಳ ನಾಲಿಗೆ ತುದಿಗೆ ಬಂದಿತ್ತು. ಮುಖ ತಿರುಗಿಸಿದ್ದನ್ನು ನೋಡಿ ಹಟ ಏರಿತು. ಬೇಡ ಅಂದವರು ಅವರೇ ತಾನೆ? ಬೇಕಾದರೆ ಕೇಳಲಿ. ಬಂಗಾರದಂಥ ಮಾತು ಬಾಯಲ್ಲಿಟ್ಟುಕೊಂಡು, ಕೇಳಿದರಷ್ಟೇ ಕೊಡುತ್ತೇನೆ ಎಂದು ಅವಳು ದಡದಡನೆ ಅಂಗಡಿಗೆ ನಡೆದುಬಿಟ್ಟಳು. ಸಂಜೆ ಅವನು ಕೇಳಲಿಲ್ಲ. ಶನಿವಾರ ಬೆಳಿಗ್ಗೆಯೂ ಕೇಳಲಿಲ್ಲ. ಇನ್ನೂರು ಗಂಟುಗಳು ಹಿಂದುಗಡೆ ಖಾಲಿ ಇದ್ದ ಚೀಟಿಗಳೊಂದಿಗೆ ಹೋದವು. ಮೇಷ್ಟ್ರು ತಮ್ಮ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ ಅವಳ ಮುಖ ನೋಡಿದರು. ಈ ವಾರ ಏನೂ ಬರೆಯುವುದಿಲ್ಲ, ಕೇಳಬೇಡಿ ಎಂದು ಅವಳು ಪೆಟ್ಟಿಗೆ ಒತ್ತಿದಳು.

ಬಾಯಿ ಮುಚ್ಚಿದರೆ ಮಾತು ನಿಲ್ಲುತ್ತದೆಂದು ತಿಳಿದದ್ದೇ ಅವಳ ತಪ್ಪು. ಭಾನುವಾರ ಎರಡನೇ ಮಹಡಿಯ ನರ್ಸಮ್ಮ ತನ್ನ ಸಮವಸ್ತ್ರಗಳನ್ನು ಮೇಜಿನ ಮೇಲಿಟ್ಟು, ಆಚೀಚೆ ನೋಡಿ, ಅಷ್ಟೊಂದು ಅಸಹ್ಯವಾಗಿದೆಯಾ ಎಂದು ಮೆಲ್ಲನೆ ಕೇಳಿದಳು. ಇಸ್ತ್ರಿ ಅಕ್ಕನಿಗೆ ಅರ್ಥವಾಗಲಿಲ್ಲ. ಆಮೇಲೆ ಒಂದೊಂದಾಗಿ ತಿಳಿಯಿತು. ನಾಲ್ಕು ವರ್ಷದ ಹಿಂದೆ ಒಂದು ಹೊಲಸು ಚಿತ್ರಕ್ಕೆ ಹೋಗಿ ಅರ್ಧಕ್ಕೇ ಎದ್ದುಬಂದ ಅವಳು, ಮಕ್ಕಳಿರುವ ಮನೆಗೆ ಹೋಗುವ ಚೀಟಿಯಲ್ಲಿ ಏನು ಬರೆಯಲಿ ಎಂದು ಖಾಲಿ ಕಳಿಸಿದ್ದಳು. ಕೇಳಿದವರಿಗೆ ಕೇಳಬೇಡಿ ಎಂದಿದ್ದಳು. ಅವಳು ಅದನ್ನು ಮರೆತಿದ್ದಳು, ಬೀದಿ ಮರೆತಿರಲಿಲ್ಲ. ಈಗ ಮತ್ತೆ ಖಾಲಿ ಚೀಟಿ, ಮತ್ತೆ ಕೇಳಬೇಡಿ, ಸಾಲದ್ದಕ್ಕೆ ಪೋಸ್ಟರಿನ ತುಂಬ ಮುದುಡಿದ ಹಾಸಿಗೆ. ಐದು ಕಟ್ಟಡದವರೂ ಮಕ್ಕಳಿಗೆ ಆ ಕಡೆ ತಲೆ ಹಾಕಬೇಡಿ ಎಂದು ಹೇಳಿಯಾಗಿತ್ತು. ನರ್ಸಮ್ಮ ತೆಗೆಸಿದ್ದ ನಾಲ್ಕು ಟಿಕೆಟನ್ನು ಹಿಂದಕ್ಕೆ ಕೊಟ್ಟು ಬಂದಿದ್ದಳು.

ಇಸ್ತ್ರಿ ಅಕ್ಕ ಕೈಲಿದ್ದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಅಯ್ಯೋ ಹಾಗೇನಿಲ್ಲ ತಾಯಿ, ಚಿತ್ರ ತುಂಬ ಚೆನ್ನಾಗಿದೆ, ಅತ್ತೆ ಸೊಸೆ ಕಥೆ, ಬೇಕಾದರೆ ನಿಮ್ಮ ಅಜ್ಜಿಯನ್ನೂ ಕರೆದುಕೊಂಡು ಹೋಗಿ ಎಂದು ಒಂದೇ ಉಸಿರಿಗೆ ಹೇಳಿದಳು. ನರ್ಸಮ್ಮ ಅವಳ ಕೈ ಮೇಲೆ ಕೈಯಿಟ್ಟಳು.

“ಬಿಡಿ ಅಕ್ಕ, ನಮಗೂ ಗೊತ್ತಾಗುತ್ತೆ. ಗೇಟಣ್ಣನ ಕೆಲಸದ ಪ್ರಶ್ನೆ ಅಂತ ಎಲ್ರೂ ಮಾತಾಡ್ಕೋತಿದಾರೆ. ನೀವಾದ್ರೂ ಏನ್ಮಾಡ್ತೀರಿ.”

ಬೈದಿದ್ದರೆ ವಾಸಿಯಿತ್ತು. ಅಂದು ಮಧ್ಯಾಹ್ನ ಅವಳು ಇದ್ದಬದ್ದ ಗಂಟುಗಳ ಚೀಟಿಗಳನ್ನೆಲ್ಲ ಬಿಚ್ಚಿ ಬರೆದಳು. ‘ಚೆನ್ನಾಗಿದೆ. ಮನೆಮಂದಿಯೆಲ್ಲ ನೋಡಿ. ಆಣೆ ಮಾಡಿ ಹೇಳುತ್ತೇನೆ.’ ಅವಳ ಚೀಟಿಯಲ್ಲಿ ಯಾವತ್ತೂ ಆಣೆ ಇರಲಿಲ್ಲ. ಆಣೆ ಮಾಡಿದ್ದೇ ಕೆಟ್ಟಿತು. ಸೋಮವಾರ ಮೇಷ್ಟ್ರು ಚೀಟಿ ಹಿಡಿದು ಬಂದು ಮೆಟ್ಟಿಲಿನ ಪಕ್ಕ ತಗ್ಗಿ ನಿಂತರು. ಬೇಜಾರು ಮಾಡಿಕೊಳ್ಳಬೇಡಿ ಎಂದು ಶುರು ಮಾಡಿ, “ಹನ್ನೆರಡು ವರ್ಷದಲ್ಲಿ ಒಂದ್ಸಲ ಸುಳ್ಳು ಬರೆದ್ರಿ, ಅದೂ ಸಂಸಾರಕ್ಕೋಸ್ಕರ. ಅದಕ್ಕೆ ನಿಮ್ಮ ಮೇಲಿನ ಗೌರವ ಕಮ್ಮಿ ಆಗಲ್ಲ,” ಎಂದರು.

ಲೆಕ್ಕದ ಮೇಷ್ಟ್ರಿಗೆ ಅವಳು ಚಿತ್ರದ ಕಥೆ ಹೇಳಿದಳು. ಬೆಡ್‌ಶೀಟು ಮಡಿಸುವ ದೃಶ್ಯವನ್ನು ಅವರ ಪಂಚೆಯನ್ನೇ ಹಿಡಿದು ಮಾಡಿ ತೋರಿಸಿದಳು. ಅವರು ಪಾಪ ಎನ್ನುವ ಮುಖ ಮಾಡಿಕೊಂಡು ತಲೆಯಾಡಿಸಿದರೇ ಹೊರತು ನಂಬಲಿಲ್ಲ. ಕೆಟ್ಟದ್ದನ್ನು ಕೆಟ್ಟದ್ದು ಎಂದಾಗ ವೇದವಾಕ್ಯ ಎಂದವರು, ಒಳ್ಳೆಯದನ್ನು ಒಳ್ಳೆಯದೆಂದರೆ ಕನಿಕರ ತೋರಿಸುತ್ತಾರಲ್ಲ, ಇದಕ್ಕಿಂತ ಅನ್ಯಾಯ ಉಂಟೇ? ಅವರು ಹೋದ ಮೇಲೆ ಅವಳು ಪೆಟ್ಟಿಗೆಯನ್ನು ಕುಕ್ಕಿದ ರಭಸಕ್ಕೆ ಮೇಜಿನ ಕಾಲು ಅಲುಗಾಡಿತು. ಬೀದಿಯ ಮೇಲೆ ಸಿಟ್ಟು, ಗಂಡನ ಮೇಲೆ ಸಿಟ್ಟು. ಅದೆರಡನ್ನೂ ಮೀರಿ ತನ್ನ ಮೇಲೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬರುತ್ತದೆಯೇ?

ಬುಧವಾರ ಯಜಮಾನರು ಬೀಗದ ವಿಷಯ ಹೇಳಿಬಿಟ್ಟರು. ಗುರುವಾರ ಮ್ಯಾಟಿನಿಯೇ ಕೊನೆ ಆಟ. ಗಂಡ ಮನೆಗೆ ಬಂದು ಅದನ್ನು ಹೇಳಿದಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಚಿತ್ರವೇ ಸರಿಯಿರಲಿಲ್ಲವೇನೋ, ಯಾರನ್ನು ಅಂದು ಏನು ಬಂತು ಎಂದ. ಆಗಲೂ ಅವಳಿಗೆ ಬಾಯಿ ಬರಲಿಲ್ಲ. ಈ ಸಲ ಹಟದಿಂದಲ್ಲ, ನಾಚಿಕೆಯಿಂದ.

ಗುರುವಾರ ಅಂಗಡಿ ಮುಚ್ಚಿ ಅವಳು ಮತ್ತೆ ಸಾಲಿಲ್ಲದ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡಳು. ಒಳಗೆ ಐದಾರು ಜನ. ಗಂಡ ಅವಳ ಟಿಕೆಟ್ ಹರಿದ, ಬಾಗಿಲು ಎಳೆದುಕೊಂಡ. ಇನ್ನು ಕಾಯಬೇಕಾದವರು ಯಾರೂ ಇಲ್ಲವೆಂದು ಗೊತ್ತಾಗಿ, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಕೊನೆಗೆ ಮೆಲ್ಲನೆ ಬಂದು ಅವಳ ಪಕ್ಕ ಕೂತ. ಇಪ್ಪತ್ತಾರು ವರ್ಷ ನಿಂತವನಿಗೆ ಆ ಕುರ್ಚಿಯಲ್ಲಿ ಮಂಡಿ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮೊದಮೊದಲು ಪ್ರತಿ ಸದ್ದಿಗೂ ಹಿಂತಿರುಗಿ ಬಾಗಿಲು ನೋಡುತ್ತಿದ್ದ. ಆಮೇಲೆ ನೋಡುವುದನ್ನು ಬಿಟ್ಟ. ಮಾಳಿಗೆಯ ದೃಶ್ಯ ಬಂದಾಗ ಅವಳು ತೆರೆ ನೋಡಲಿಲ್ಲ, ಗಂಡನ ಮುಖ ನೋಡಿದಳು. ಅವನು ಬಾಯಿ ತೆರೆದುಕೊಂಡು ಕೂತಿದ್ದ. ಅವನ ಅಮ್ಮ, ಅವನ ಹೆಂಡತಿ, ಆ ಇಬ್ಬರ ನಡುವಿನ ವರ್ಷಗಳು ಅವನಿಗೂ ಕಾಣಿಸಿರಬೇಕು. ಅವನ ಮೂಗಿನಿಂದ ಸೊರ್ ಎಂಬ ಸದ್ದು ಬಂತು.

ದೀಪ ಹತ್ತಿದ ಮೇಲೂ ಅವನು ಏಳಲಿಲ್ಲ.

“ಇಷ್ಟು ಚೆನ್ನಾಗಿದೆ ಅಂತ ನಂಗಾದ್ರೂ ಒಂದ್ಮಾತು ಹೇಳ್ಬಾರ್ದಿತ್ತೇನೆ?”

ನೀವು ಕೇಳಲಿಲ್ಲ ಎನ್ನುವ ಉತ್ತರವನ್ನು ಅವಳು ಏಳು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದಳು. ಈಗ ಅದನ್ನು ಆಡಲು ಮನಸ್ಸಾಗಲಿಲ್ಲ. “ಕೇಳ್ಲಿ ಅಂತ ಕಾದೆ ಕಣ್ರೀ,” ಎಂದಳು.

ಕೇಳಲು ಹೆದರಿಕೆಯಾಯಿತು ಎಂದ ಅವನು. ಅವಳ ಕಣ್ಣು ಕೆಂಪಾಗಿದ್ದನ್ನು ನೋಡಿ, ಸಿಟ್ಟಿನಲ್ಲಿ ಅತ್ತಿದ್ದಾಳೆ, ಚಿತ್ರ ಅಷ್ಟು ಕೆಟ್ಟದಾಗಿದೆ ಎಂದುಕೊಂಡಿದ್ದನಂತೆ. ಅವಳ ಬಾಯಿಂದ ಅದನ್ನು ಕೇಳಿದ ಮೇಲೆ ವಾರವಿಡೀ ಬಾಗಿಲಲ್ಲಿ ನಿಂತು ಜನರನ್ನು ಒಳಗೆ ಬಿಡಲು ಧೈರ್ಯ ಸಾಲುತ್ತಿರಲಿಲ್ಲವಂತೆ.

ಅವನು ಅಭ್ಯಾಸದಂತೆ ಎದ್ದು ಹೋಗಿ ಬಾಗಿಲು ತೆರೆದು ಹಿಡಿದ. ಐದಾರು ಜನ ಒಬ್ಬೊಬ್ಬರಾಗಿ ಹೊರಗೆ ಬಂದರು. ಕೊನೆಯಲ್ಲಿ ಬಂದವನು ಬೇರೆ ಬಡಾವಣೆಯವನಿರಬೇಕು, ಹೆಗಲಿಗೆ ಚೀಲ ಹಾಕಿಕೊಂಡಿದ್ದ. ಕಣ್ಣೊರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು, ಇಂಥ ಚಿತ್ರಕ್ಕೆ ಜನ ಯಾಕೆ ಬರಲಿಲ್ಲ ಎಂದು ಗೇಟಣ್ಣನನ್ನು ಕೇಳಿದ. ಗಂಡ ಒಂದು ಕ್ಷಣ ಹೆಂಡತಿಯ ಕಡೆ ನೋಡಿದ.

“ಪೋಸ್ಟರ್ ಸರಿ ಮಾಡಿರ್ಲಿಲ್ಲ ಸಾರ್, ಅದಕ್ಕೆ,” ಎಂದ.

ಹೆಂಡತಿಯ ತಪ್ಪನ್ನು ಮರೆಮಾಚಲು ಅವನು ಹೇಳಿದ ಸುಳ್ಳು ಅದು. ಅವಳು ಅದನ್ನು ಹಾಗೆಯೇ ಬಿಟ್ಟುಬಿಡಬಹುದಿತ್ತು, ಆಗಲಿಲ್ಲ.

“ಪೋಸ್ಟರ್ ಚೆನ್ನಾಗೇ ಇತ್ತು,” ಎಂದಳು ಇಸ್ತ್ರಿ ಅಕ್ಕ. “ಹೇಳ್ಬೇಕಾದವಳು ನಾನಿದ್ದೆ. ನಾನು ಹೇಳ್ಲಿಲ್ಲ.”

ಚೀಲದವನಿಗೆ ಏನೂ ಅರ್ಥವಾಗಲಿಲ್ಲ. ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಬಸ್ ಸ್ಟಾಪಿನ ಕಡೆ ಹೊರಟುಹೋದ.